ಚೊಚ್ಚಲ ಮೊಟ್ಟಿ ಸಣ್ಣ ಅಂದೇಳಿ ಹ್ಯಾಂಟಿ ಕೊಯ್ಬೇಡಿ

ಹೊಸ್ತಾಗಿ ಮೊಟ್ಟಿ ಇಡುಕೆ ಸುರು ಮಾಡಿದ ಹ್ಯಾಂಟಿ ಸಣ್ಣ ಮೊಟ್ಟಿಯೇ ಇಡುದು. ಅದ್ ರೋಗ ಅಲ್ಲ, ಜಾತಿ ಕೆಟ್ಟದ್ದಲ್ಲ, ಯಾರ ಕಣ್ಣೂ ತಾಗಿದ್ದಲ್ಲ. ಇಷ್ಟ್ ಸಣ್ಣ ವಿಷಯಕ್ಕೆ ಒಂದ್ ಬರಹ ಬೇಕಾ ಅಂದೇಳಿ ಕೇಳ್ಬೇಡಿ. ಬೇಕಾಯ್ತ್. ಎಂತಕಂದ್ರೆ ನಮ್ಮ ಬದಿಯ ಹೆಂಗಸ್ರಿಗೆ ಇದ್ ಗೊತ್ತಿಲ್ಲೆ ಅಂದೇಳಿ ಅಲ್ಲ. ಗೊತ್ತಿದ್ದೂ, ಯಾರೋ ಒಬ್ರ್ ಚಾವಡಿಯಂಗೆ ಕೂಕಂಡ್ ಹೇಳಿರ್ ಅಂದೇಳಿ ಮೆಟ್ಟುಕತ್ತಿ ತೆಗಿತ್ರಲೆ, ಅದಕ್ಕೆ ನಂಗೆ ಸಿಟ್ಟ್ ಬಪ್ಪುದು.

ಹೋದ ತಿಂಗಳ್ ನಮ್ಮನಿಯಿಂದ ನಾಲ್ಕ್ ಗದ್ದಿ ಆಚಿಗಿನ ಅಕ್ಕನ ಮನ್ಯಂಗೆ ಒಂದೇ ವಾರದಂಗೆ ಮೂರ್ ಹ್ಯಾಂಟಿ ಸಾರಾಯ್ತ್. ಆರೂವರೆ ತಿಂಗಳಿನ ಹ್ಯಾಂಟಿಗಳ್. ಮೊಟ್ಟಿ ಇಡುಕೆ ಸುರು ಮಾಡಿ ಹತ್ತ್ ದಿನ ಸಾ ಆಯ್ಲಿಲ್ಲೆ. ಊರಿಗೆ ಬಂದ ಭಾವಯ್ಯ ಒಬ್ರ್ ಮೊಟ್ಟಿ ಬೆರಳಂಗೆ ಹಿಡ್ಕಂಡ್, "ಇದೆಂತ ಗುಬ್ಬಿ ಮೊಟ್ಟಿಯಾ? ಈ ಜಾತಿ ಇಟ್ಕಂಡ್ ಎಂತ ಸುಖ ಇಲ್ಲೆ" ಅಂದ್ರಂಬ್ರ್. ಅಷ್ಟೇ. ಸಂಜಿಗೆ ಒಂದ್, ಮರುದಿನ ಒಂದ್, ಅವ್ರ್ ಹೋಪು ದಿನ ಮತ್ತೊಂದ್. ಭಾವಯ್ಯ ನೀರ್ ದೋಸಿ, ಕೋಳಿ ಸಾರು ಉಂಡ್ ಬಸ್ಸ್ ಹತ್ತಿರ್. ಅಕ್ಕನ ಹಿತ್ಲಂಗೆ ಈಗ ಒಂದ್ ಮುದಿ ಹ್ಯಾಂಟಿ, ಎರಡ್ ಹುಂಜ.

ಕೋಳಿ ಸುದ್ದ ಮಾಡುಕೆ ನನ್ನನ್ನೂ ಕರೆದಿದ್ರ್. ಹೊಟ್ಟಿ ಬಗೆದ್ರೆ ಒಳ್ಗೆ ಬೆನ್ನಿಗೆ ಅಂಟ್ಕಂಡ್ ಹಳದಿಯ ಗೊಂಚಲ್. ಇದ್ ಯಾರಿಗೂ ಹೊಸ್ತಲ್ಲ, ಕೋಳಿ ಸುದ್ದ ಮಾಡಿದ ಹೆಂಗಸ್ರೆಲ್ಲ ಕಂಡದ್ದೇ. ಒಂದ್ ಹಳದಿ ದೊಡ್ಡ ನೆಲ್ಲಿಕಾಯಿಯಷ್ಟ್, ಅದ್ರ ಹಿಂದೆ ಗೋಲಿಯಷ್ಟ್, ಅದ್ರ ಹಿಂದೆ ಕಡಲಿಕಾಳಿನಷ್ಟ್, ಮತ್ತೆ ಸಾಸ್ಮಿ ಕಾಳಿನ ಹಾಂಗೆ ಲೆಕ್ಕ ಇಲ್ಲದಷ್ಟ್. ಸಾರಂಗೆ ಬೇಯ್ಸಿದ್ರೆ ಮಕ್ಕಳ್ ಅದಕ್ಕಾಯಿ ಜಗಳ ಮಾಡ್ತೊ. ಆದ್ರೆ ಅದೆಂತ ಅಂದೇಳಿ ಒಂದ್ ಗಳಿಗೆ ನಿಂತ್ ಯೋಚ್ನೆ ಮಾಡಿದ್ರೆ ಕತ್ತಿ ಕೈಯಿಂದ ಜಾರ್ಕ್. ನಾಳಿನ ಮೊಟ್ಟಿ, ನಾಡಿದ್ದಿನ ಮೊಟ್ಟಿ, ಬಪ್ಪು ವರ್ಷದ ಮೊಟ್ಟಿ, ಎಲ್ಲ ಸಾಲಾಗಿ ಅಲ್ಲಿ ಕೂತಿತ್ತ್. "ಈ ಹ್ಯಾಂಟಿ ಎಂತಕ್ಕೂ ಆಗ" ಅಂದೇಳಿ ಕೊಯ್ದ ಹ್ಯಾಂಟಿಯ ಹೊಟ್ಟಿಯೊಳ್ಗೇ ಅದಕ್ಕೆ ಉತ್ತರ ಇದ್ದಿತ್.

ಮೊಟ್ಟಿ ಸಣ್ಣ ಆಪುದಕ್ಕೂ ಆ ಗೊಂಚಲಿಗೂ ಸಂಬಂಧ ಇತ್ತ್. ಹ್ಯಾಂಟಿಗೆ ಎಡಬದಿಯ ಅಂಡಾಶಯ ಮಾತ್ರ ಕೆಲಸ ಮಾಡುದು. ಅದ್ರಂಗೆ ಸಾವಿರಗಟ್ಲಿ ಬೀಜ ಮರಿಯಿಪ್ಪತ್ತಿಗೇ ಇರ್ತ್. ಒಂದೊಂದ್ ಹಳದಿಯೂ ಕೊನಿಯ ಹತ್ತ್ ದಿನದಂಗೆ ಬಿರುಸಾಗಿ ಬೆಳಿತ್ತ್. ಆಮೇಲೆ ಕಳಚಿ ಕೆಳ್ಗೆ ಇಳಿದ್, ಬಿಳಿ ಸುತ್ಕಂಡ್, ಚಿಪ್ಪಿ ಹಾಯ್ಕಂಡ್ ಹೊರ್ಗೆ ಬಪ್ಪುಕೆ ಒಟ್ಟ್ 25 ಗಂಟಿ ಬೇಕ್. ಅದ್ರಂಗೆ 20 ಗಂಟಿ ಚಿಪ್ಪಿಗೇ ಹೋತ್ತ್. ಹೊಸ ಹ್ಯಾಂಟಿಯಂಗೆ ಒಟ್ಟಿಗೆ ಸುಮಾರ್ ಹಳದಿಗಳ್ ಬೆಳುಕೆ ಹೊರಡ್ತೊ. ಇದ್ದ ಸಾರ ಎಲ್ಲದಕ್ಕೂ ಹಂಚಿ ಹೋತ್ತ್, ಒಂದೊಂದ್ ಹಳದಿಯೂ ಸಣ್ಣದೇ ಆತ್ತ್. ಹಳದಿ ಸಣ್ಣ ಆದ್ರೆ ಸುತ್ತುವ ಬಿಳಿಯೂ ಕಮ್ಮಿ. ವಯಸ್ಸ್ ಆಯ್ಕಂಡ್ ಹೋದ ಹಾಂಗೆ ಒಟ್ಟಿಗೆ ಬೆಳುವ ಹಳದಿಗಳ್ ಕಮ್ಮಿ ಆತೊ, ಒಂದೊಂದಕ್ಕೆ ಸಿಕ್ಕುವ ಪಾಲ್ ಹೆಚ್ಚ್ ಆತ್ತ್. ಹ್ಯಾಂಟಿಯ ಮೈಯೂ ತುಂಬ್ತ್. ಮೊಟ್ಟಿ ತನ್ನಿಂದ ತಾನೇ ದೊಡ್ಡದಾತ್ತ್. ಇದಕ್ಕೆ ಮಂತ್ರವೂ ಬೇಡ, ಟಾನಿಕ್ಕೂ ಬೇಡ. ದಿನ ಬೇಕ್.

ಎಷ್ಟ್ ದಿನ? ಮಗಳ್ ಕೇಕ್ ಮಾಡುಕೆ ಅಂದೇಳಿ ತರ್ಸಿದ ಡಿಜಿಟಲ್ ತಕ್ಕಡಿ ಒಂದ್ ನಮ್ಮನ್ಯಂಗೆ ಇತ್ತ್. ಕೇಕ್ ಎರಡ್ ಸರ್ತಿ ಆಯ್ತ್, ಮತ್ತೆ ತಕ್ಕಡಿ ಕೋಳಿಗೆ ಆಯ್ತ್. ನಮ್ಮ ಕಪ್ಪ್ ಹ್ಯಾಂಟಿಯ ಲೆಕ್ಕ ಕ್ಯಾಲೆಂಡರಿನ ಮೇಲೆ ಬರ್ದ್ ಇಟ್ಟಿದೆ. ಮೊದಲ್ನೇ ಮೊಟ್ಟಿ 26 ಗ್ರಾಂ. ಐದ್ನೇದ್ 29. ಹನ್ನೆರಡ್ನೇದ್ 32. ಆಮೇಲೆ ಅದ್ ಕಾವಿಗೆ ಕೂತ್ಕಂತ್. ಎದ್ದ್ ಬಂದ್ ಎರಡ್ನೇ ಸರ್ತಿ ಇಟ್ಟದ್ 35, 36. ಮೂರ್ನೇ ಸರ್ತಿ 39. ಈಗ ಅದಕ್ಕೆ ಎರಡ್ನೇ ವರ್ಷ, 42ಕ್ಕೆ ಬಂದ್ ನಿಂತಿತ್ತ್. ಭಾವಯ್ಯನ ಕೈಗೆ ಮೊದಲ್ನೇ ಮೊಟ್ಟಿ ಸಿಕ್ಕಿದ್ರೆ ಆ ಕಪ್ಪ್ ಹ್ಯಾಂಟಿಯೂ ಬಾಣಲಿಗೆ ಹೋತಿತ್.

ಇನ್ನ್ ಇವ್ರ್ ಸಣ್ಣ ಅಂಬುದು ಯಾವುದ್ರ ಎದುರಿಗೆ ಇಟ್ಟ್? ಪೇಟಿಯ ಫಾರಂ ಮೊಟ್ಟಿ ಎದುರಿಗೆ. ಅಗ್‌ಮಾರ್ಕ್ ದರ್ಜೆಯಂಗೆ 38ರಿಂದ 44 ಗ್ರಾಮಿನ ಮೊಟ್ಟಿಗೆ "ಸಣ್ಣ", 45ರಿಂದ 52ಕ್ಕೆ "ಮಧ್ಯಮ", 53ರಿಂದ 59ಕ್ಕೆ "ದೊಡ್ಡ", 60 ದಾಟಿದ್ರೆ "ಅತಿ ದೊಡ್ಡ" ಅಂಬ್ರ್. ಈ ಲೆಕ್ಕದಂಗೆ ನಮ್ಮ ಊರ್ ಕೋಳಿ ಅಜ್ಜಿ ಆದ್ರೂ ಸಣ್ಣ ಮೊಟ್ಟಿಯೇ ಇಡುದು! ಫಾರಮಿನ ಬಿಳಿ ಲೆಗ್‌ಹಾರ್ನ್ ತಳಿಯ ಕೋಳಿ ವರ್ಷಕ್ಕೆ 300 ಮೊಟ್ಟಿ ಇಡುಕೆ ಅಂದೇಳಿಯೇ ತಯಾರ್ ಮಾಡಿದ್ದ್. ಅದ್ ನಾಕೂವರೆ ತಿಂಗಳಿಗೇ ಮೊಟ್ಟಿಗೆ ಬತ್ತ್. ಆದ್ರೂ ಕಾಣಿ, ಆ ಫಾರಂ ಕೋಳಿಯ ಮೊದಲ ಮೊಟ್ಟಿಯೂ 40-45 ಗ್ರಾಮೇ. ಅದಕ್ಕೂ ದೊಡ್ಡದಾಪುಕೆ ತಿಂಗಳುಗಟ್ಲಿ ಬೇಕ್. ಬೆಂಗ್ಳೂರಿನ ವಿಶ್ವವಿದ್ಯಾನಿಲಯದವ್ರ್ ಹಿತ್ಲಿಗೆ ಅಂದೇಳಿಯೇ ಮಾಡಿದ ಗಿರಿರಾಜ ಕೋಳಿ ವರ್ಷಕ್ಕೆ 130-150 ಮೊಟ್ಟಿ ಇಡ್ತ್, ಒಂದೊಂದ್ 52-55 ಗ್ರಾಂ ತೂಗ್ತ್. ಅದ್ರ ಮರಿ ತಂದವ್ರೂ ಮೊದಲ ತಿಂಗಳ ಮೊಟ್ಟಿ ಕಂಡ್ "ಮೋಸ ಹೋಯ್ತ್" ಅಂದೇಳಿ ಬಾಯಿ ಬಡ್ಕಂಡದ್ ನಂಗೆ ಗೊತ್ತಿತ್ತ್. ಪುಸ್ತಕದಂಗೆ ಬರ್ದದ್ ಬೆಳ್ದ ಕೋಳಿಯ ತೂಕ. ಮೊದಲ್ನೇ ವಾರದ್ದಲ್ಲ. ಒಂದ್ ತಳಿಯನ್ನ ಇನ್ನೊಂದ್ ತಳಿಯ ಅಳ್ತೆಯಂಗೆ ಅಳುದು, ಎಳಿದನ್ನ ಬೆಳ್ದದ್ರ ಅಳ್ತೆಯಂಗೆ ಅಳುದು, ಎರಡೂ ಅನ್ಯಾಯ. ನಮ್ಮ ಬದಿಯಂಗೆ ಎರಡನ್ನೂ ಒಟ್ಟಿಗೆ ಮಾಡ್ತ್ರ್.

ಮೊದಮೊದ್ಲಿಗೆ ಇಡುವಾಗ ಕೆಲವ್ ಚಂದದ ತಪ್ಪಾಟಗಳೂ ಆತೊ. ಒಂದ್ ದಿನ ಪಾರಿವಾಳದ ಮೊಟ್ಟಿಯಷ್ಟೇ ಇಡ್ತ್, ಒಡೆದ್ರೆ ಒಳ್ಗೆ ಹಳದಿಯೇ ಇಲ್ಲೆ, ಬರೀ ಬಿಳಿ. ಮತ್ತೊಂದ್ ದಿನ ಚಿಪ್ಪಿಯೇ ಇಲ್ದೆ ಬರೀ ಪೊರಿ. ಇನ್ನೊಂದ್ ದಿನ ಎರಡ್ ಹಳದಿಯ ಮೊಟ್ಟಿ. ಹೊಸ ಹ್ಯಾಂಟಿಯ ಮೈ ಇನ್ನೂ ತಾಳ ಹಿಡಿಲಿಲ್ಲೆ, ಅಷ್ಟೇ. ಎರಡ್ ಹಳದಿ ಒಟ್ಟಿಗೆ ಕಳಚ್ಕಂಡ್ರೆ ಎರಡ್ ಹಳದಿಯ ಮೊಟ್ಟಿ, ಒಳ್ಗಿನ ಚೂರೇನಾದ್ರೂ ಕಳಚ್ಕಂಡ್ ಇಳಿದ್ರೆ ಅದನ್ನೇ ಹಳದಿ ಅಂದ್ಕಂಡ್ ಬಿಳಿ ಸುತ್ಕಂತ್, ಹಳದಿ ಇಲ್ಲದ್ ಮೊಟ್ಟಿ ಆತ್ತ್. ಇದನ್ನ ಕಂಡ್ ಹೆದ್ರುವವ್ರ್ ನಮ್ಮೂರಂಗೆ ಮಾತ್ರ ಅಲ್ಲ ಮಾರಾಯ್ತಿ. ಯುರೋಪಿನಂಗೆ ಇಂಥಾ ಮೊಟ್ಟಿ ಹುಂಜ ಇಡುದು, ಅದ್ರಿಂದ ವಿಷಜಂತು ಹುಟ್ತ್ ಅಂದೇಳಿ ನಂಬಿದ್ರ್. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪೇಟಿಯಂಗೆ ಮೊಟ್ಟಿ ಇಟ್ಟ ಅಪರಾಧಕ್ಕೆ ಒಂದ್ ಹುಂಜಕ್ಕೆ ವಿಚಾರ್ಣೆ ಮಾಡಿ, ಮೊಟ್ಟಿ ಸಮೇತ ಸುಟ್ಟ್ ಹಾಕಿದ್ರ್. ಅವ್ರ್ ಕಡಿಗೆ ವಿಚಾರ್ಣೆಯಾದ್ರೂ ಮಾಡಿದ್ರ್. ನಮ್ಮ ಭಾವಯ್ಯಂದ್ರಿಗೆ ಅದೂ ಬೇಡ.

ಈಗ ಅಂಗಡಿಯ ವಿಷಯಕ್ಕೆ ಬಪ್ಪ. ಯಾವ ಅಂಗಡಿ ಅಂದೇಳಿ ನಾನ್ ಹೇಳುದಿಲ್ಲೆ, ನಿಮಗೆ ನಿಮ್ ನಿಮ್ಮ ಅಂಗಡಿ ಗೊತ್ತಿತ್ತ್. ಊರ್ ಮೊಟ್ಟಿಗೆ ಗಿರಾಕಿ ಹತ್ರ 15 ರೂಪಾಯಿ ತಕಂತ್ರ್, ನಮ್ಗೆ ಕೊಡುದ್ 10. ಅದಕ್ಕೆ ನನ್ನ ತಕರಾರಿಲ್ಲೆ, ಅವ್ರಿಗೂ ಒಡ್ದ್ ಹೋಪುದ್, ಹಾಳಾಪುದ್ ಇರ್ತ್. ಆದ್ರೆ ಹೊಸ ಹ್ಯಾಂಟಿಯ ಮೊಟ್ಟಿ ತಕಂಡ್ ಹೋದ್ರೆ "ಇದ್ ಚೊಚ್ಚಲ, 5 ರೂಪಾಯಿ ಕಾಣಿ" ಅಂಬ್ರ್. ಹಾಂಗೆ ಹೇಳಿ ತಕಂಡ 5 ರೂಪಾಯಿಯ ಮೊಟ್ಟಿಯನ್ನ ನಮ್ಮ ಕಣ್ಣೆದುರಿಗೇ ಅದೇ ಬುಟ್ಟಿಗೆ ಹಾಕಿ, ಅದೇ 15ಕ್ಕೆ ಮಾರ್ತ್ರ್. ತಕಂಬುವಾಗ ಸಣ್ಣ, ಮಾರುವಾಗ ಊರ್ ಮೊಟ್ಟಿ!

ತೂಕ ಮಾಡಿ ದುಡ್ಡ್ ಕೊಡಿ, ನಾನ್ ಒಪ್ತೆ. ಸಣ್ಣ ಮೊಟ್ಟಿಗೆ ದೊಡ್ಡದ್ರ ಬೆಲಿ ಕೇಳುದಲ್ಲ. ಮೊಟ್ಟಿ ಕಣ್ಣಿಗೆ ಕಾಂಬುಕ್ಕಿಂತ ತೂಕದಂಗೆ ಹೆಚ್ಚ್ ಕಮ್ಮಿ ಇರ್ತ್ ಅಂಬುದೂ ಹೌದ್. ಉದ್ದ ಅಗಲ ಎಲ್ಲ ಹತ್ರಂಗೊಂದ್ ಪಾಲ್ ಕಮ್ಮಿ ಆದ್ರೆ ತೂಕ ಕಾಲಂಶಕ್ಕಿಂತ ಹೆಚ್ಚ್ ಇಳಿತ್ತ್. ಆದ್ರೆ ಅರ್ಧ ಆಪುದಿಲ್ಲೆ. ನನ್ನ ತಕ್ಕಡಿಯಂಗೆ ಹೊಸ ಹ್ಯಾಂಟಿಯ ಮೊಟ್ಟಿ ಸರಾಸರಿ 31 ಗ್ರಾಂ, ಹಳಿದ್ರದ್ 41. ಅಂದ್ರೆ ಮುಕ್ಕಾಲ್ ಪಾಲ್. ಹಳಿದಕ್ಕೆ 10 ಆದ್ರೆ ಹೊಸ್ದಕ್ಕೆ ಏಳೂವರೆ ಆಯ್ಕ್. ಐದ್ ಎಲ್ಲಿಂದ ಬಂತ್? ಎಂಟ್ ಹೊಸ ಹ್ಯಾಂಟಿ, ಒಂದೊಂದ್ 12 ಮೊಟ್ಟಿ ಇಟ್ರೆ 96. ಮೊಟ್ಟಿಗೆ ಎರಡೂವರೆಯಂತೆ 240 ರೂಪಾಯಿ ನಮ್ಮ ಕೈ ತಪ್ಪಿ ಹೋತ್ತ್. ಒಂದ್ ಮನಿಯ ಲೆಕ್ಕ ಇದ್.

240 ರೂಪಾಯಿ ಎಂತ ಮಹಾ ಅಂದೇಳಿ ಗಂಡಸ್ರ್ ನಗಾಡ್ತ್ರ್. ಅವ್ರ್ ನಗಾಡ್ಲಿ. ಅಡಿಕಿ ದುಡ್ಡ್ ಅವ್ರದ್, ಗೇರುಬೀಜದ ದುಡ್ಡ್ ಅವ್ರದ್, ಹಾಲಿನ ದುಡ್ಡ್ ಡೈರಿಯಿಂದ ಬ್ಯಾಂಕಿಗೆ ಹೋತ್ತ್, ಪಾಸ್‌ಬುಕ್ಕ್ ಅವ್ರ ಕಪಾಟಂಗೆ. ಮೊಟ್ಟಿ ದುಡ್ಡ್ ಮಾತ್ರ ಕೇಳುವವ್ರಿಲ್ದೆ ನಮ್ಮ ಕೈಗೆ ಬಪ್ಪುದು. ನನ್ನ ಅತ್ತಿ ಸಾಸ್ಮಿ ಡಬ್ಬಿಯಂಗೆ ಹಾಕಿ ಇಟ್ಟ ಮೊಟ್ಟಿ ದುಡ್ಡಿಂದಲೇ ನನ್ನ ನಾದಿನಿ ಹತ್ತ್ನೇ ಕ್ಲಾಸಿನ ಪರೀಕ್ಷಿಗೆ ಫೀಸ್ ಕಟ್ಟಿದ್ದ್. 2023ರ ಜೂನಿಂದ ಸರಕಾರಿ ಬಸ್ಸಂಗೆ ಹೆಂಗಸ್ರಿಗೆ ಟಿಕೇಟ್ ಇಲ್ಲೆ, ಹೌದ್. ಆದ್ರೆ ನಮ್ಮ ಬದಿಗೆ ಓಡುದ್ ಹೆಚ್ಚಿಂದ್ ಖಾಸಗಿ ಬಸ್ಸೇ ಅಲ್ದಾ? ಶಂಕರನಾರಾಯಣದಿಂದ ಕುಂದಾಪ್ರಕ್ಕೆ ಕಾಲೇಜಿಗೆ ಹೋಪು ಹೆಣ್ಮಕ್ಕಳ ಬಸ್ಸಿನ ದುಡ್ಡ್, ಮೊಬೈಲಿನ ರೀಚಾರ್ಜ್, ತಿಂಗಳಿಗ್ ಬೇಕಾಪು ಪ್ಯಾಡ್, ಇದಕ್ಕೆಲ್ಲ ಗಂಡಸ್ರ್ ಹತ್ರ ಕೈ ಚಾಚದೆ ಆಪುದು ಈ ಕೋಳಿ ಗೂಡಿಂದ. ಅದಕ್ಕೇ ನಾನ್ ಹೇಳುದು, ಹ್ಯಾಂಟಿ ಕೊಯ್ವ ಮಾತ್ ಚಾವಡಿಯಂಗೆ ತೀರ್ಮಾನ ಆಪುದಲ್ಲ. ಅಡುಗಿ ಮನ್ಯಂಗೆ ಆಯ್ಕ್.

ಲೆಕ್ಕ ಹಾಕಿ ಕಾಣಿ. ಊರ್ ಹ್ಯಾಂಟಿ ಒಂದ್ ಸರ್ತಿಗೆ 12-15 ಇಟ್ಟ್ ಕಾವಿಗೆ ಕೂತ್ಕಂತ್. ವರ್ಷಕ್ಕೆ ಮೂರ್ ನಾಲ್ಕ್ ಸರ್ತಿ. ಕಮ್ಮಿ ಹಿಡ್ದ್ 50 ಮೊಟ್ಟಿ ಅಂದ್ರೂ ವರ್ಷಕ್ಕೆ 500 ರೂಪಾಯಿ, ಎರಡ್ ವರ್ಷಕ್ಕೆ ಸಾವಿರ, ಮಧ್ಯ ಎಬ್ಬಿಸುವ ಮರಿ ಬೇರೆ. ಆರೂವರೆ ತಿಂಗಳ ಹ್ಯಾಂಟಿ ಕೊಯ್ದ್ರೆ ಸಿಕ್ಕುದೆಷ್ಟ್? ಪುಕ್ಕ ಕಿತ್ತ್ ಸುದ್ದ ಮಾಡಿದ್ರೆ ಮುಕ್ಕಾಲ್ ಕೇಜಿ ಆದ್ರೆ ಪುಣ್ಯ. ಆರ್ ತಿಂಗಳ್ ಗಿಡುಗನಿಂದ, ಕಬ್ಬೆಕ್ಕಿಂದ, ಮುಂಗ್ಸಿಯಿಂದ ಕಾಪಾಡಿ, ಮಳಿಗಾಲ ದಾಟ್ಸಿ, ಫಸ್ಲ್ ಬಪ್ಪು ಹೊತ್ತಿಗೆ ಗಿಡವನ್ನೇ ಕಡ್ದ ಹಾಂಗೆ.

ಇವ್ರಿಗೆ ತಾಳ್ಮಿ ಇಲ್ಲೆ ಅಂದೇಳಿ ಹೇಳುಕೂ ಆಪುದಿಲ್ಲೆ. ಹುಂಜದ ವಿಷಯಕ್ಕೆ ಇವ್ರ ತಾಳ್ಮಿ ಕಾಣ್ಕ್! ಕೋಳಿ ಅಂಕಕ್ಕೆ ಅಂದೇಳಿ ಒಂದ್ ಹುಂಜಕ್ಕೆ ಒಂದೂವರೆ ಎರಡ್ ವರ್ಷ ಕಾಲಿಗೆ ಹಗ್ಗ ಕಟ್ಟಿ, ರಾಗಿ ಹಾಕಿ, ಬಾದಾಮಿ ಹಾಕಿ, ಬೆಳಿಗ್ಗೆ ಎದ್ದ್ ಮೈ ಉಜ್ಜಿ ಕಾಯ್ತ್ರ್. ಅದ್ ಮೊದಲ್ನೇ ಸರ್ತಿ ಓಡಿ ಬಂದ್ರೆ "ಇನ್ನೂ ಎಳಿದ್, ಬಲಿಯಲಿ" ಅಂಬ್ರ್. ಆ ಆಟಕ್ಕೆ ಕಾನೂನೂ ಇಲ್ಲೆ, ಪೊಲೀಸ್ರ್ ಬಂದ್ರೆ ಹಾಡಿಗೆ ಓಡ್ಕ್. ಮೊಟ್ಟಿ ಇಡುವ ಹ್ಯಾಂಟಿಗೆ ಮಾತ್ರ ಹತ್ತ್ ದಿನದ ವಾಯಿದೆ. ಈ ನ್ಯಾಯ ಕೋಳಿ ಗೂಡಂಗೆ ಮಾತ್ರ ಇತ್ತ್ ಅಂದೇಳಿ ನಿಮಗೆ ಅನ್ಸಿದ್ರೆ, ನಮ್ಮ ಕುಟುಂಬದ ಬಾಣಂತಿ ಕೋಣಿಯಂಗೆ ಒಂದ್ ದಿನ ಕೂತ್ ಕಾಣಿ. ಚೊಚ್ಚಲ ಮಗು ಎರಡೂವರೆ ಕೇಜಿಗಿಂತ ಕಮ್ಮಿ ಆಯ್ತ್ ಅಂದೇಳಿ ಆ ಹೆಣ್ಣಿಗೆ ಏನೆಲ್ಲ ಹೇಳ್ತ್ರ್, ಮತ್ತೆ ಹೇಳುದ್ ಯಾರ್ ಅಂದೇಳಿ. ಅಲ್ಲಿ ಗಂಡಸ್ರ್ ಇರುದಿಲ್ಲೆ. ನಾವೇ ಇಪ್ಪುದು.

ಕೊಯ್ವವ್ರದ್ ಒಂದ್ ಕತಿ ಆದ್ರೆ ಅವಸರ ಮಾಡುವವ್ರದ್ ಇನ್ನೊಂದ್. ಮೊಟ್ಟಿ ಬೇಗ ದೊಡ್ಡ ಆಯ್ಕ್ ಅಂದೇಳಿ ನಾಲ್ಕ್ ತಿಂಗಳ ಮರಿಗೇ ಮೊಟ್ಟಿ ಕೋಳಿಯ ಫೀಡ್ ಹಾಕ್ತ್ರ್. ಆ ಫೀಡಂಗೆ ಸುಣ್ಣದ ಅಂಶ ನೂರಕ್ಕೆ ಮೂರೂವರೆ ನಾಲ್ಕ್ ಪಾಲ್ ಇರ್ತ್. ಬೆಳುವ ಮರಿಗೆ ಬೇಕಾಪುದ್ ಒಂದೇ ಪಾಲ್. ಉಳ್ದದ್ ಮೂತ್ರಪಿಂಡಕ್ಕೆ ಹೋಯಿ ಕೂತ್ಕಂತ್, ಮರಿ ಸೊರಗಿ ಸಾಯ್ತ್. ಗೂಡಿಗೆ ರಾತ್ರಿ ಬಲ್ಬ್ ಹಾಕುವವ್ರೂ ಇತ್ರ್. ಬೆಳಕ್ ಹೆಚ್ಚಾದ್ರೆ ಮೊಟ್ಟಿ ಬೇಗ ಬಪ್ಪುದ್ ಹೌದ್, ಫಾರಮಿನವ್ರೂ ಬೆಳಕ್ ಕೊಡ್ತ್ರ್, ಆದ್ರೆ ಅವ್ರ್ ಮೊದ್ಲ್ ಮರಿಯ ತೂಕ ಕಂಡ್ ಆಮೇಲೆ ಕೊಡುದು. ಮೈ ತುಂಬುಕ್ಕಿಂತ ಮೊದ್ಲೇ ಮೊಟ್ಟಿಗೆ ಎಳೆದ್ ತಂದ್ರೆ ಆ ಹ್ಯಾಂಟಿಯ ಮೊಟ್ಟಿ ಮುಂದೆಯೂ ಸಣ್ಣದಾಯ್ಕಂಡೇ ಇರ್ತ್. ಮತ್ತೊಂದ್ ಹೆದ್ರಿಕೆ ಅಂದ್ರೆ, ಎಳಿ ಹ್ಯಾಂಟಿಗೆ ಅದ್ರ ಮೈಗೆ ಮೀರಿದ ದೊಡ್ಡ ಮೊಟ್ಟಿ ಬಂದ್ರೆ ಮೊಟ್ಟಿಯೊಟ್ಟಿಗೆ ಒಳ್ಗಿನ ನಾಳವೂ ಹೊರ್ಗೆ ಬಪ್ಪುದಿತ್ತ್. ಕೆಂಪ್ ಕಂಡದ್ದೇ ಸೈ, ಉಳ್ದ ಕೋಳಿಗಳ್ ಕುಟ್ಟಿ ಕುಟ್ಟಿ ಕೊಲ್ತೊ. ಇದನ್ನ ಕಂಡವ್ರ್ ಮತ್ತೆ ದೊಡ್ಡ ಮೊಟ್ಟಿಗೆ ಅವಸರ ಮಾಡುದಿಲ್ಲೆ. ಚೊಚ್ಚಲ ಮೊಟ್ಟಿ ಸಣ್ಣ ಇಪ್ಪುದೇ ಆ ಜೀವಕ್ಕೆ ಕ್ಷೇಮ.

ಹಾಂಗಂದೇಳಿ ಎಂತದೂ ಮಾಡದೆ ಕೂತ್ಕಣ್ಣಿ ಅಂದೇಳಿ ನಾನ್ ಹೇಳ್ತಿಲ್ಲೆ. ಬರೀ ನುಚ್ಚು, ತೌಡು ಹಾಕಿದ್ರೆ ಹೊಟ್ಟಿ ತುಂಬ್ತ್, ಮೊಟ್ಟಿ ತುಂಬುದಿಲ್ಲೆ. ಮೊಟ್ಟಿಯ ಗಾತ್ರಕ್ಕೆ ಬೇಕಾಪುದ್ ಪ್ರೋಟೀನ್. ಬೈಗಿ ಮೀನಿನ ತಲಿ, ಕರುಳ್ ಬೇಯ್ಸಿ ಹಾಕಿ. ಒರ್ಲಿ ಗೂಡ್ ಒಡೆದ್ ಹಾಕಿ, ಹಟ್ಟಿಯ ಗೊಬ್ಬರದ ಗುಂಡಿ ಕೆದಕುಕೆ ಬಿಡಿ, ನೆಲಕಡ್ಲಿ ಹಿಂಡಿ ಇದ್ರೆ ಒಂದ್ ಮುಷ್ಟಿ. ಚಿಪ್ಪಿಗೆ ಗಂಗೊಳ್ಳಿ ಬದಿಯಿಂದ ಬಪ್ಪು ಮಳಿ ಚಿಪ್ಪಿ ಕುಟ್ಟಿ ಒಂದ್ ಗೆರಟಿಯಂಗೆ ಬೇರೆ ಇಡಿ, ಬೇಕಾದ ಕೋಳಿ ಬೇಕಾದಷ್ಟ್ ತಿಂತ್. ಹುಳದ ಮದ್ದ್ ಕೊಡಿ, ಪಶು ಆಸ್ಪತ್ರೆಯಂಗೆ ಕೇಳಿದ್ರೆ ಹೇಳ್ತ್ರ್. ಮಾರ್ಚಿಂದ ಮೇ ವರೆಗೆ ಸೆಕಿಗೆ ಕೋಳಿ ಮೇವೇ ತಿಂಬುದಿಲ್ಲೆ, ಆಗ ಹಳಿ ಹ್ಯಾಂಟಿಯ ಮೊಟ್ಟಿಯೂ ಸಣ್ಣ ಆತ್ತ್. ತಣ್ಣೀರ್ ಇಡಿ, ನೆರಳ್ ಕೊಡಿ, ಮೇವ್ ಹೊತ್ತ್ ಏರುಕ್ಕಿಂತ ಮೊದ್ಲೇ ಹಾಕಿ.

ಗಾತ್ರ ಕಾಣ್ಕಾದ ಜಾಗವೂ ಒಂದಿತ್ತ್. ಮರಿ ಎಬ್ಬುಕೆ ಚೊಚ್ಚಲ ಮೊಟ್ಟಿ ಇಡ್ಬೇಡಿ. ಮರಿಯ ತೂಕ ಮೊಟ್ಟಿಯ ತೂಕದ ಮೂರ್ರಂಗೆ ಎರಡ್ ಪಾಲ್ ಇರ್ತ್. 28 ಗ್ರಾಮಿನ ಮೊಟ್ಟಿಯಿಂದ 18-19 ಗ್ರಾಮಿನ ಮರಿ ಬಂದ್ರೆ ಅದ್ ನಮ್ಮ ಆಷಾಢದ ಮಳಿ ತಡ್ಕಂಬುದ್ ಹ್ಯಾಂಗೆ? ಹೊಸ ಹ್ಯಾಂಟಿ ಕಾವಿಗೆ ಕೂತ್ರೆ ಅದ್ರ ಅಡಿಗೆ ಹಳಿ ಹ್ಯಾಂಟಿಯ ಮೊಟ್ಟಿ ಇಡಿ, ಅದಕ್ಕೆ ಗೊತ್ತಾಪುದಿಲ್ಲೆ, 21 ದಿನ ಕೂತ್ ಎಬ್ಸತ್ತ್. ಚೊಚ್ಚಲದ್ದನ್ನ ತಿನ್ನಿ, ಮಾರಿ. ತಿಂಬುಕೆ ಅದ್ರಂಗೆ ಕೊರತಿ ಎಂತದೂ ಇಲ್ಲೆ. ಗ್ರಾಮಿಗೆ ಗ್ರಾಂ ಇಟ್ಟ್ ಕಂಡ್ರೆ ಪ್ರೋಟೀನ್ ಹೆಚ್ಚ್ ಕಮ್ಮಿ ಅಷ್ಟೇ. "ಚೊಚ್ಚಲದಂಗೆ ಶಕ್ತಿ ಜಾಸ್ತಿ" ಅಂದೇಳಿ ಗರ್ಭಿಣಿಗೆ ಹುಡ್ಕಿ ತಿನ್ಸುವ ದೊಡ್ಡಮ್ಮಂದ್ರ್ ಇತ್ರಲೆ, ಅದೂ ಸುಳ್ಳೇ. ಸಣ್ಣ ಮೊಟ್ಟಿ ಅಂದ್ರೆ ಸಣ್ಣ ಮೊಟ್ಟಿ. ಎರಡ್ ತಿಂಬುವಲ್ಲಿ ಮೂರ್ ತಿಂದ್ರೆ ಆಯ್ತ್.

ಒಂದ್ ಗುಣ ಮಾತ್ರ ನಿಜಕ್ಕೂ ಇತ್ತ್. ಹೊಸ ಹ್ಯಾಂಟಿಯ ಬಿಳಿ ಗಟ್ಟಿ, ಕಾವಲಿಗೆ ಒಡೆದ್ ಹಾಕಿದ್ರೆ ನೀರಿನ ಹಾಂಗೆ ಹರಡುದಿಲ್ಲೆ, ಗುಂಡಗೆ ನಿಂತ್ಕಂತ್. ಚಿಪ್ಪಿಯೂ ಗಟ್ಟಿ, ಸುಣ್ಣ ಹೆಚ್ಚ್ ಕಮ್ಮಿ ಅಷ್ಟೇ ಇಪ್ಪುದು, ಸುತ್ತುಕೆ ಮೊಟ್ಟಿ ಸಣ್ಣದ್. ಮುದಿ ಹ್ಯಾಂಟಿಯ ದೊಡ್ಡ ಮೊಟ್ಟಿಯ ಚಿಪ್ಪಿ ತೆಳು ಆಪುದೂ ಇದೇ ಲೆಕ್ಕದಂಗೆ. ಬೆಂಗ್ಳೂರಿಗೆ ರಾತ್ರಿ ಬಸ್ಸಂಗೆ ಮಗನಿಗೆ ಮೊಟ್ಟಿ ಕಳ್ಸುವವ್ರ್ ತೌಡಿನ ಡಬ್ಬಿಯಂಗೆ ಹೊಸ ಹ್ಯಾಂಟಿಯದ್ದೇ ಹಾಕಿ ಕಳ್ಸಿ. ನಾನ್ 20 ಕಳ್ಸಿದ್ದೆ, ಆಗುಂಬೆ ಘಾಟಿ ಹತ್ತಿ ಹೋಯಿ 20ಕ್ಕೆ 20 ಸಿಕ್ಕಿತ್.

ನಿಜವಾಗಿಯೂ ಯಾವಾಗ ತಲಿಬಿಸಿ ಮಾಡ್ಕ್ ಅಂದ್ರೆ, ಎರಡ್ನೇ, ಮೂರ್ನೇ ಸರ್ತಿ ಮೊಟ್ಟಿಗೆ ಬಂದ ಮೇಲೂ ತೂಕ ಏರದೆ ಹಾಂಗೇ ನಿಂತ್ರೆ. ಇಲ್ಲಾ, ದೊಡ್ಡ ಇಡ್ತಾ ಇದ್ದದ್ ಒಮ್ಮೆಲೆ ಸಣ್ಣ ಇಡುಕೆ ಹೊರಟ್ರೆ. ಆಗ ಹುಳ, ಮೇವ್, ಸೆಕಿ, ರೋಗ ಯಾವುದಂದೇಳಿ ಕಾಣಿ. ಅದೆಲ್ಲ ಕಂಡ ಮೇಲೂ ಆಪುದಿಲ್ಲೆ ಅಂದ್ರೆ ಸಾರ್ ಮಾಡಿ, ನಾನ್ ಬೇಡ ಅಂಬುದಿಲ್ಲೆ. ನಾನೂ ಕೋಳಿ ತಿಂಬುವವ್ಳೇ. ಘೀ ರೋಸ್ಟ್ ಹುಟ್ಟಿದ ಕುಂದಾಪ್ರದ ಬದಿಯವ್ಳಾಯಿ ಕೋಳಿ ಕೊಯ್ಬೇಡಿ ಅಂದ್ರೆ ನನ್ನ ಮನಿಯವ್ರೇ ನನ್ನನ್ನ ಮನಿಯಿಂದ ಹೊರ್ಗೆ ಹಾಕುಗು. ನೆಂಟ್ರ್ ಬಂದ್ರೆ ಹೆಚ್ಚಾದ ಹುಂಜ ಇತ್ತ್, ಮೊಟ್ಟಿ ನಿಲ್ಸಿದ ಮುದಿ ಹ್ಯಾಂಟಿ ಇತ್ತ್. ಬೇಯುಕೆ ಸ್ವಲ್ಪ ಹೊತ್ತ್ ಹೆಚ್ಚ್ ಬೇಕ್, ಅಷ್ಟೇ. ಭಾವಯ್ಯಂದ್ರ್ ಕಾಯಲಿ.

ನಾಲ್ಕ್ ಗದ್ದಿ ಆಚಿಗಿನ ಅಕ್ಕನಿಗೆ ನಮ್ಮ ಕಪ್ಪ್ ಹ್ಯಾಂಟಿಯ ಐದ್ ಮರಿ ಕೊಡ್ತೆ ಅಂದೇಳಿ ಮಾತ್ ಕೊಟ್ಟಿದೆ, ಮೊದಲ ಮೊಟ್ಟಿ ಆದ ಮೇಲೆ ಆರ್ ತಿಂಗಳ್ ಯಾವುದನ್ನೂ ಕೊಯ್ವುದಿಲ್ಲೆ ಅಂಬು ಕರಾರಿನ ಮೇಲೆ. ಮತ್ತೆ ಅಂಗಡಿಯ ಲೆಕ್ಕ ಬಾಕಿ ಇತ್ತ್. ಬಪ್ಪು ಭಾನುವಾರ ನಾನ್ ತಕ್ಕಡಿ ತಕಂಡೇ ಹೋಪುದು. ಒಬ್ಳೇ ಹೋದ್ರೆ ನಗಾಡಿ ಕಳ್ಸ್ತ್ರ್, ಎಂಟ್ ಹತ್ತ್ ಜನ ಬುಟ್ಟಿ ಹಿಡ್ಕಂಡ್ ನಿಂತ್ರೆ ಹಾಂಗೆ ಕಳ್ಸುಕಾಪುದಿಲ್ಲೆ. ಹೊಸ ಹ್ಯಾಂಟಿ ಇದ್ದವ್ರ್ ಮೊಟ್ಟಿ ಒರ್ಸಿ, ಬೇರೆ ಬೇರೆ ಬುಟ್ಟಿಗೆ ಹಾಕಿ, ಬೆಳಿಗ್ಗೆ ಎಂಟ್ ಗಂಟಿಯೊಳ್ಗೆ ನಮ್ಮನಿಗೆ ಬನ್ನಿ. ತಕ್ಕಡಿಗೆ ಹೊಸ ಸೆಲ್ ಹಾಕಿ ಇಟ್ಟಿದೆ.